ಏಕಾಂತಯ್ಯ ಉಳಿಸಿದ ಗದ್ದುಗೆ

ದಟ್ಟಗಳ್ಳಿಯ ಆ ಬಡಾವಣೆಯಲ್ಲಿ ಈಗ ಯಾರನ್ನೇ ಕೇಳಿ, ಈಶ್ವರನ ಗುಡಿ ಉಳಿದದ್ದು ಏಕಾಂತಯ್ಯನವರಿಂದ ಅನ್ನುತ್ತಾರೆ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವರು ತಲೆ ತಗ್ಗಿಸುತ್ತಾರೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ. ಎಲ್ಲಿಯ ವಿನಯ! ಹೊಟ್ಟೆಯೊಳಗಿನ ಸಂಕಟ ಅದು.

ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದ ಅವರ ಮನೆ ಇರುವುದು ಬನ್ನಿಮಂಟಪದಲ್ಲಿ. ಹಿಂದೆ ಅವರ ಮನೆತನಕ್ಕೆ ದಟ್ಟಗಳ್ಳಿಯ ಕಡೆ ಹೊಲವಿತ್ತು. ಹೊಲದ ಮೂಲೆಯಲ್ಲೇ ಮನೆಯ ಹಿರಿಯರನ್ನು ಮಣ್ಣು ಮಾಡುತ್ತಿದ್ದರು. ಕಟ್ಟಕಡೆಗೆ ಅಲ್ಲಿ ಮಣ್ಣಾದವರು ಅವ್ವ. ಆಮೇಲೆ ಅಪ್ಪ ಹೊಲ ಮಾರಿದರು, ಸಮಾಧಿಗಳೂ ಮರೆತುಹೋದವು. ಹಿರಿಯರ ಹಬ್ಬಕ್ಕೆ ತಾತನ ಫೋಟೋದ ಮುಂದೆ ಎಡೆ ಇಟ್ಟರೆ ಮುಗಿಯಿತು. ಅವ್ವನದು ಒಂದು ಫೋಟೋ ಕೂಡ ಇರಲಿಲ್ಲ.

ಹೋದ ವರ್ಷ ನೆಂಟರ ಗೃಹಪ್ರವೇಶಕ್ಕೆಂದು ಆ ಕಡೆ ಹೋದಾಗ, ಬಡಾವಣೆಯ ಖಾಲಿ ಜಾಗದಲ್ಲಿ ತಮ್ಮ ಹಳೆಯ ಹೊಲದ ಮೂಲೆಯ ಬಿಲ್ವದ ಮರ ಕಣ್ಣಿಗೆ ಬಿತ್ತು. ಬುಡದಲ್ಲಿ, ಕಳೆಯ ನಡುವೆ, ತಾತನ ಸಮಾಧಿಯ ಮೇಲೆ ಕಟ್ಟಿದ ಗದ್ದುಗೆ. ಅದರ ಮೇಲೆ ಕಲ್ಲಿನ ಲಿಂಗ. ಪಕ್ಕದಲ್ಲಿ ಕಣಗಿಲೆಯ ಕೆಳಗೆ ಬರಿಯ ಒಂದು ಹಾಸುಗಲ್ಲು. ಅವ್ವನಿಗೆ ಗದ್ದುಗೆ ಕಟ್ಟಿಸುವ ಅನುಕೂಲ ಅಪ್ಪನಿಗಿರಲಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಅವ್ವನನ್ನು ಗುಂಡಿಯಲ್ಲಿ ಕೂರಿಸಿ, ಮಣ್ಣು ಮುಚ್ಚಿ, ಮೇಲೆ ಆ ಕಲ್ಲಿಟ್ಟಿದ್ದರು. ಏಕಾಂತಯ್ಯನವರು ಹೊಸ ಪಂಚೆಯ ಪರಿವೆಯೂ ಇಲ್ಲದೆ ಅಲ್ಲೇ ಕುಸಿದು ಕುಳಿತು ಗೊಳೋ ಎಂದು ಅತ್ತುಬಿಟ್ಟರು.

ಆದರೆ ಅಲ್ಲಿ ಷಟಲ್ ಕೋರ್ಟು ಮಾಡಿಸಲು ಬಡಾವಣೆಯವರು ಆಗಲೇ ಜೆಸಿಬಿಗೆ ಹೇಳಿದ್ದರು. ಸಮಾಧಿ ಅಂತ ಬಾಯಿಬಿಟ್ಟರೆ ಕಥೆ ಮುಗಿದಂತೆಯೇ. ಮನೆ ಮುಂದೆ ಸ್ಮಶಾನ ಯಾರಿಗೆ ಬೇಕು? ಮಾರನೆಯ ದಿನ ಬಂದು ಕಳೆ ಕೀಳುತ್ತಿದ್ದಾಗ ಎದುರುಮನೆಯ ದಾಕ್ಷಾಯಣಮ್ಮ ಲಿಂಗ ಕಂಡು ಕೈಮುಗಿದರು.

"ಯಾವ್ ದೇವ್ರು ಸ್ವಾಮಿ ಇದು?"

"ಈಶ್ವರ ಕಣಮ್ಮ," ಎಂದುಬಿಟ್ಟರು ಏಕಾಂತಯ್ಯನವರು.

ಲಿಂಗೈಕ್ಯರಾದ ಹಿರಿಯರು ಶಿವನೇ ತಾನೆ, ಸುಳ್ಳೇನು ಹೇಳಿದೆ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ದಾಕ್ಷಾಯಣಮ್ಮ ಅಂದರೆ ಸಾಮಾನ್ಯವೇ! ಮನೆಮನೆ ತಿರುಗಿ ಜನ ಸೇರಿಸಿದರು. ಜೆಸಿಬಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ತಗಡಿನ ಚಾವಣಿ ಬಂತು, ಗಂಟೆ ಬಂತು, ಸೋಮವಾರದ ಅಭಿಷೇಕವೂ ಶುರುವಾಯಿತು. ಏಕಾಂತಯ್ಯನವರು ಹಿಗ್ಗಿನಿಂದ ಓಡಾಡಿದರು. ಪ್ರದಕ್ಷಿಣೆಯ ಜಾಗಕ್ಕೆ ಟೈಲ್ಸ್ ಹಾಕುವ ದಿನ ಮೇಸ್ತ್ರಿ ಕೆಂಪಯ್ಯ ಕೂಗಿದ.

"ಸಾರ್, ಈ ಕಲ್ಲು ಅಡ್ಡ ಬತ್ತದೆ. ಎತ್ತಾಕ್ಬುಡ್ಲಾ?"

ಸುತ್ತ ಜನ ನಿಂತಿದ್ದರು. ಬೇಡ ಕಣಪ್ಪಾ, ಅಲ್ಲಿ ನಮ್ಮವ್ವ ಇದ್ದಾಳೆ ಎಂಬ ಮಾತು ಗಂಟಲವರೆಗೂ ಬಂತು. ಹೇಳಿದ್ದರೆ ಗುಡಿ ಉಳಿಯುತ್ತಿತ್ತೋ ಇಲ್ಲವೋ, ಆ ಶಿವನೇ ಬಲ್ಲ. ಅವರು ಹೇಳಲಿಲ್ಲ. ಕಣಗಿಲೆಯನ್ನು ಕಿತ್ತರು. ಕಾಲು ತೊಳೆಯುವವರಿಗೆ ಅನುಕೂಲವಾಗಲಿ ಎಂದು ಕಲ್ಲನ್ನು ನಲ್ಲಿಯ ಕೆಳಗೆ ಹಾಕಿದರು.

ಅಂದಿನಿಂದ ಅವರಿಗೆ ನೆಟ್ಟಗೆ ಅನ್ನ ಸೇರಲಿಲ್ಲ. ಈ ಸಲದ ಹಿರಿಯರ ಹಬ್ಬಕ್ಕೆ ಅವ್ವನಿಗೆ ಅಲ್ಲೇ ಎಡೆ ಇಡಬೇಕು ಅಂತ ಹಟ ಹಿಡಿದರು. ಹೆಂಡತಿ ಪ್ರೇಮಲೀಲಾ ಕಜ್ಜಾಯ ಕರಿದುಕೊಟ್ಟರು. ಏಕಾಂತಯ್ಯನವರು ಬಸ್ಸಿಳಿದು ಗುಡಿಗೆ ಬಂದು, ಕಣಗಿಲೆ ಇದ್ದ ಕಡೆ, ಟೈಲ್ಸಿನ ಮೇಲೆ ಬಾಳೆಲೆ ಹಾಸಿ ಕಜ್ಜಾಯ ಬಡಿಸಿದರು.

"ಅಯ್ಯಯ್ಯೋ, ಏನ್ಮಾಡ್ತಿದ್ದೀರಿ?" ದಾಕ್ಷಾಯಣಮ್ಮ ಓಡಿಬಂದರು. "ಸತ್ತೋರ ಎಡೆನ ಗುಡಿಯೊಳಗೆ ಇಡ್ತಾರೇನ್ರೀ? ತಿಳಿದೋರು ನೀವೇ ಹಿಂಗ್ಮಾಡಿದ್ರೆ ಹೆಂಗೆ? ಯಾರ್ಗೆ ಇದು?"

"ನಮ್ಮವ್ವಂಗೆ ಕಣಮ್ಮ."

ಆಕೆಯ ದನಿ ಮೆತ್ತಗಾಯಿತು. ತಾವೇ ಎಲೆಯನ್ನು ಜೋಪಾನವಾಗಿ ಎತ್ತಿ ಅವರ ಕೈಗಿಟ್ಟರು.

"ಅವ್ರನ್ನ ಎಲ್ಲಿ ಮಣ್ಮಾಡಿದ್ದೀರೋ ಅಲ್ಲಿಗ್ ತಗೊಂಡೋಗಿ ಸ್ವಾಮಿ. ಪಾಪ, ಕಾಯ್ತಾ ಇರ್ತಾರೆ."

ಮನೆಗೆ ಬಂದಾಗ ಎಲೆಯಲ್ಲಿ ಕಜ್ಜಾಯ ಹಾಗೇ ಇದ್ದವು.

"ಯಾಕ್ರೀ, ಇಡ್ಲಿಲ್ವಾ?" ಎಂದರು ಪ್ರೇಮಲೀಲಾ.

"ಎಲ್ಲಿ ಅಂತ ಇಡ್ಲಿ ಕಣೇ," ಎಂದರು ಏಕಾಂತಯ್ಯನವರು. "ಅವ್ವನ ಜಾಗನ ನಾನೇ ದೇವ್ರಿಗೆ ಕೊಟ್ಬುಟ್ಟೆ."