ಮರದ ಮೀನಿನ ಲಾಟರಿ

2001ನೇ ಇಸವಿ. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯ ಟೋಕಿಯೊ ಶಾಖೆಯಲ್ಲಿ ನಾನು ಪ್ರಾಜೆಕ್ಟ್ ಲೀಡರ್ ಆಗಿದ್ದೆ. ವೈಟುಕೆ ಎಂಬ ಗುಮ್ಮ ಬಂದೇ ಬರುತ್ತದೆಂದು ಹೆದರಿಸಿ ನಮ್ಮನ್ನೆಲ್ಲ ವಿಮಾನ ಹತ್ತಿಸಿದ್ದರು. ಗುಮ್ಮ ಬರಲಿಲ್ಲ, ನಾವು ಅಲ್ಲೇ ಉಳಿದೆವು. ಹಳೆಯ ಪ್ರೋಗ್ರಾಮ್‌ಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವ ಕೆಲಸ ಮುಗಿದ ಮೇಲೆ ಶಾಖೆಯ ಹೊಟ್ಟೆ ತುಂಬಲು ಬೇರೆ ದಾರಿ ಬೇಕಿತ್ತು. ಆಗ ಎಲ್ಲರ ಬಾಯಲ್ಲೂ ಇ-ಕಾಮರ್ಸ್. ಉಪ್ಪಿನಕಾಯಿ ಮಾರುವವನಿಗೂ ವೆಬ್‌ಸೈಟ್ ಬೇಕು. ನಮ್ಮ ಪಾಲಿಗೆ ಬಂದದ್ದು ಮೀನು, ಅದೂ ಮರದ ಮೀನು.

ಕ್ಯೋಟೊ ಪಕ್ಕದ ಬಿವಾ ಸರೋವರದ ದಡದಲ್ಲಿ ಆ ಗಿರಾಕಿಯ ಕಾರ್ಖಾನೆ ಇತ್ತು. ಬ್ಲ್ಯಾಕ್ ಬಾಸ್ ಎಂಬ ಅಮೆರಿಕದ ಮೀನು ಆ ಸರೋವರ ಸೇರಿ, ಅಲ್ಲಿಯ ಮೂಲದ ಮೀನುಗಳನ್ನು ನುಂಗಿ ಬೆಳೆದಿತ್ತು. ಊರಿನ ಬೆಸ್ತರು ಅದನ್ನು ಶಪಿಸುತ್ತಿದ್ದರು. ಪಟ್ಟಣದಿಂದ ಬರುವ ಹವ್ಯಾಸಿಗಳಿಗೆ ಮಾತ್ರ ಅದೇ ದೇವರು. ಗಾಳದ ತುದಿಗೆ ಕಟ್ಟುವ ನಕಲಿ ಮೀನಿಗೆ ಲೂರ್ ಎನ್ನುತ್ತಾರೆ. ಸಾಧಾರಣ ಲೂರ್ ಬೆರಳುದ್ದ ಇರುತ್ತದೆ. ಇವರು ಮಾಡುತ್ತಿದ್ದದ್ದು ಗೇಣಿಗೂ ಮಿಕ್ಕಿ ಉದ್ದದ್ದು, ದೊಡ್ಡ ಮಾವಿನಕಾಯಿಯಷ್ಟು ತೂಕದ್ದು. ಮೈ ಮೂರು ತುಂಡು, ನಡುವೆ ಕೀಲು, ಗಾಜಿನ ಕಣ್ಣು, ಕೈಯಿಂದ ಬಿಡಿಸಿದ ಹುರುಪೆ, ಹೊಟ್ಟೆಯಡಿ ಮೂರು ಮೊನೆಯ ಎರಡು ಕೊಕ್ಕೆ. ಸಣ್ಣಪುಟ್ಟ ಮೀನು ಇದನ್ನು ಕಂಡರೆ ಓಡಿಹೋಗುತ್ತದೆ, ಹಳೆಯ ದೈತ್ಯ ಬಾಸ್ ಮಾತ್ರ ಬಾಯಿ ಹಾಕುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಒಂದು ಲೂರಿನ ಬೆಲೆಗೆ ನಮ್ಮ ಮನೆಯ ತಿಂಗಳ ದಿನಸಿ ಬರುತ್ತಿತ್ತು.

"ಹಿಡೀತಾರಂತೆ, ಫೋಟೋ ತೆಗೆಸ್ಕೊಳ್ತಾರಂತೆ, ವಾಪಸ್ ನೀರಿಗೆ ಬಿಡ್ತಾರಂತೆ. ಇದಕ್ಕೆ ಇಷ್ಟು ದುಡ್ಡಾ ಮೇಡಂ?" ಎಂದು ಮೊದಲ ದಿನವೇ ಹರೀಶ ಕೇಳಿದ್ದ. ಹರೀಶ ನನ್ನ ತಂಡದ ಪ್ರೋಗ್ರಾಮರ್, ಮೈಸೂರಿನವನು. ಹೆಂಡತಿ ವಿದ್ಯಾ, ಐದು ವರ್ಷದ ಮಗಳು ಸ್ಫೂರ್ತಿಯ ಜೊತೆ ಟೋಕಿಯೊದ ಫುನಾಬೊರಿ ಬಡಾವಣೆಯಲ್ಲಿ ಮನೆ ಮಾಡಿದ್ದ. ಮಗು ಅಲ್ಲಿಯ ಶಿಶುವಿಹಾರಕ್ಕೆ ಹೋಗಿ ಹೋಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿಯಲ್ಲಿ ಉತ್ತರ ಕೊಡುತ್ತಿತ್ತು. ಮುಂದಿನ ವರ್ಷ ಅವಳನ್ನು ಅಲ್ಲೇ ಒಂದನೇ ಕ್ಲಾಸಿಗೆ ಸೇರಿಸಬೇಕು, ಅಷ್ಟು ದಿನ ಈ ಪೋಸ್ಟಿಂಗ್ ಉಳಿಯಬೇಕು ಎಂಬುದೊಂದೇ ಅವನ ಆಸೆ. ಕೆಲಸದಲ್ಲಿ ಅವನಷ್ಟು ಶಿಸ್ತಿನವನನ್ನು ನಾನು ಕಂಡದ್ದು ಕಡಿಮೆ.

ತಿಂಗಳಿಗೆ ಬೆರಳೆಣಿಕೆಯಷ್ಟೇ ಲೂರ್ ತಯಾರಾಗುತ್ತಿತ್ತು. ಅಂಗಡಿ ಮುಂದೆ ಮೊದಲು ಸಾಲು ನಿಲ್ಲಿಸಿ ನೋಡಿದ್ದರು. ಮರ್ಯಾದೆಗೆ ಹೆಸರಾದ ಜಪಾನಿಗಳೇ ಅಲ್ಲಿ ಕೈಕೈ ಮಿಲಾಯಿಸಿದ್ದರಂತೆ. ಹಾಗಾಗಿ ಲಾಟರಿ. ಕೊಳ್ಳಬೇಕೆನ್ನುವವರು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು, ಹೆಸರು ಎದ್ದವರಿಗೆ ಮಾತ್ರ ಮಾರಾಟ. ಆ ಲಾಟರಿಯ ಪ್ರೋಗ್ರಾಮ್ ಬರೆದವನು ಹರೀಶ. ಪ್ರತಿ ಅರ್ಜಿಗೂ ಕಂಪ್ಯೂಟರ್ ಒಂದು ರ್‍ಯಾಂಡಮ್ ನಂಬರ್ ಕೊಡುತ್ತದೆ, ಅಂದರೆ ಯಾರೂ ಮೊದಲೇ ಊಹಿಸಲಾಗದ ಸಂಖ್ಯೆ. ಆ ಸಂಖ್ಯೆಯ ಪ್ರಕಾರ ಆಯ್ಕೆ. "ಯಾರಿಗೂ ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಮೇಡಂ," ಎಂದು ಟೆಸ್ಟಿಂಗ್ ಮುಗಿದ ದಿನ ಹೆಮ್ಮೆಯಿಂದ ಹೇಳಿದ.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಗಿರಾಕಿಯ ಕಡೆಯ ಮ್ಯಾನೇಜರ್ ನಿಶಿಮುರಾ-ಸಾನ್ ಫೋನ್ ಮಾಡಿ, ಕೆಲವರು ಕಂಪನಿಗೆ ಬೇಕಾದವರಿದ್ದಾರೆ, ಮ್ಯಾಗಜೀನಿಗೆ ಬರೆಯುವವರು, ಪಂದ್ಯ ಗೆಲ್ಲುವವರು, ಅಧ್ಯಕ್ಷರ ಗೆಳೆಯರು; ಅವರ ಹೆಸರು ಪ್ರತಿ ಸಲ ಏಳುವಂತೆ ಮಾಡಲಾದೀತೇ ಎಂದು ಕೇಳಿದರು. ಮಾಡಲು ಆಗುತ್ತದೆ, ಒಂದು ಮೇಲ್ ಕಳಿಸಿಬಿಡಿ ಎಂದು ಹರೀಶ ವಿನಯದಿಂದಲೇ ಹೇಳಿದ. ಅದು ನಮ್ಮ ನಿಯಮ. ಪ್ರೋಗ್ರಾಮಿನಲ್ಲಿ ಏನೇ ಬದಲಾವಣೆ ಬೇಕಿದ್ದರೂ ಗಿರಾಕಿ ಬರಹದಲ್ಲಿ ಕೇಳಬೇಕು.

ಮೇಲ್ ಬರಲಿಲ್ಲ. ನಿಶಿಮುರಾ-ಸಾನ್ ಬಂದರು. ಶಿಂಕಾನ್‌ಸೆನ್ ರೈಲು ಹತ್ತಿ, ಕೈಯಲ್ಲೊಂದು ಸಿಹಿಯ ಡಬ್ಬಿ ಹಿಡಿದು, ನಮ್ಮ ಆಫೀಸಿನವರೆಗೆ ಬಂದರು. ಹವೆಯ ಮಾತಾಡಿದರು, ಹರೀಶನ ಮಗಳನ್ನು ವಿಚಾರಿಸಿದರು. ಆಮೇಲೆ ಎದ್ದು ನಿಂತು, ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರು, ಸೊಂಟದವರೆಗೆ ಬಾಗಿ, "ಹರೀಶ್-ಸಾನ್, ಇದೊಂದು ನಡೆಸಿಕೊಡಿ. ನಮ್ಮ ಅಧ್ಯಕ್ಷರ ಇಚ್ಛೆ," ಎಂದರು. ಅಲ್ಲಿ ಹೀಗೇ. ಮುಜುಗರದ ವಿಷಯವನ್ನು ಯಾರೂ ಬರೆದು ಕಳಿಸುವುದಿಲ್ಲ, ಖುದ್ದಾಗಿ ಬರುತ್ತಾರೆ. ನಮ್ಮ ಕಡೆಯೂ ಹಾಗೇ ತಾನೇ? ಹಿರಿಯರೊಬ್ಬರು ಮನೆಬಾಗಿಲಿಗೆ ಬಂದು ಕೇಳಿದರೆ, ಬರೆದು ಸಹಿ ಹಾಕಿಕೊಡಿ ಎನ್ನುವವರು ಯಾರು?

"ಅಷ್ಟು ದೂರದಿಂದ ಬಂದು ಕೈಮುಗಿದ ಹಾಗೆ ಕೇಳಿದ್ರು ಮೇಡಂ. ಇನ್ನೂ ಮೇಲ್ ಕಳಿಸಿ ಅಂದ್ರೆ ಮುಖಕ್ಕೆ ಹೊಡೆದ ಹಾಗಲ್ವಾ?" ಎಂದ ಹರೀಶ. ನನಗೆ ಸರಿ ಕಾಣಲಿಲ್ಲ. ಬರಹ ಇಲ್ಲದೆ ಮುಟ್ಟಬೇಡ ಎಂದು ಹೇಳಿ, ನಮ್ಮ ಶಾಖೆಯ ಮುಖ್ಯಸ್ಥ ಪ್ರಸನ್ನ ಅವರ ಮುಂದೆ ವಿಷಯ ಇಟ್ಟೆ. ಅವರೂ ಬೆಂಗಳೂರಿನವರೇ, ಮಾತಿನಲ್ಲಿ ಬೆಣ್ಣೆ. "ಅವರ ಅಂಗಡಿ, ಅವರ ಮೀನು, ನಮಗ್ಯಾಕೆ ಊರ ಉಸಾಬರಿ? ಮಾಡಿಕೊಡೋಕೆ ಹೇಳಿ," ಎಂದರು. ಹರೀಶ ಮಾಡಿಕೊಟ್ಟ.

ಕೆಲವು ತಿಂಗಳು ಎಲ್ಲವೂ ಸುಸೂತ್ರ. ಆಮೇಲೆ ಅಧ್ಯಕ್ಷರ ಗೆಳೆಯರಲ್ಲೇ ಒಬ್ಬ ಪುಣ್ಯಾತ್ಮನಿಗೆ ದುರಾಸೆ ಹುಟ್ಟಿತು. ಲಾಟರಿಯಲ್ಲಿ ಬಂದ ಲೂರ್‌ಗಳನ್ನೆಲ್ಲ ಇಂಟರ್‌ನೆಟ್ ಹರಾಜಿಗೆ ಇಟ್ಟ. ಒಬ್ಬನೇ ಮನುಷ್ಯನ ಕೈಗೆ ಇಷ್ಟೊಂದು ಹೇಗೆ ಬಂತು? ತಿಂಗಳುಗಟ್ಟಲೆ ಅರ್ಜಿ ಹಾಕಿ ಒಂದೂ ಸಿಗದವರು ಮೀನು ಹಿಡಿಯುವವರ ಬುಲೆಟಿನ್ ಬೋರ್ಡಿನಲ್ಲಿ ಹಾಹಾಕಾರ ಎಬ್ಬಿಸಿದರು. ಲಾಟರಿ ಅಲ್ಲ, ಮೋಸ ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನಾನು, ಪ್ರಸನ್ನ, ಹರೀಶ ಮೂವರೂ ಸರೋವರದ ದಡಕ್ಕೆ ಓಡಿದೆವು. ಅಧ್ಯಕ್ಷರು ಕಣ್ಣುಮುಚ್ಚಿ ಕುಳಿತಿದ್ದರು. ನಿಶಿಮುರಾ-ಸಾನ್ ಮೇಜನ್ನೇ ನೋಡುತ್ತ, "ಪ್ರೋಗ್ರಾಮಿನಲ್ಲಿ ದೋಷ ಇರಬಹುದು," ಎಂದರು. ನೀವೇ ಬಂದು ಕೇಳಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ನೇರವಾಗಿಯೇ ಕೇಳಿದೆ. ಅವರು, "ಹಾಗೆ ಹೇಳಿದ ನೆನಪು ನನಗಿಲ್ಲ," ಎಂದರು. ಹರೀಶ ಅವರ ಮುಖವನ್ನೇ ನೋಡುತ್ತಿದ್ದ. ಅವರು ತಂದ ಸಿಹಿಯನ್ನು ಮನೆಗೆ ಒಯ್ದು ಮಗಳಿಗೆ ತಿನ್ನಿಸಿದ್ದವನು ಅವನು.

ವಾಪಸ್ ಬರುವಾಗ ರೈಲಿನಲ್ಲಿ ಪ್ರಸನ್ನ ಬೆಣ್ಣೆ ಹಚ್ಚಿದರು. "ಅಂಗಡಿಯಲ್ಲಿ ಗ್ರಾಹಕರ ಸಭೆ ಕರೀತಾರಂತೆ. ಹರೀಶ ಬಂದು ಒಂದ್ಸಲ ತಲೆ ಬಗ್ಗಿಸಿದ್ರೆ ಮುಗೀತು. ಈ ದೇಶದಲ್ಲಿ ದಿನಕ್ಕೆ ನೂರು ಸಲ ಸುಮಿಮಾಸೆನ್, ಕ್ಷಮಿಸಿ ಅಂತಾರೆ, ಅದಕ್ಕೇನು ಅರ್ಥ? ಹರೀಶನಿಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ."

"ತಪ್ಪು ಮಾಡಿದವರು ಬಗ್ಗಿಸ್ಲಿ," ಎಂದೆ.

"ಮಾರ್ಕೆಟ್ ಬಿದ್ದುಹೋಗಿದೆ ಸುಜಾತಾ. ಈ ಗಿರಾಕಿ ಕೈಬಿಟ್ರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕು."

ಹರೀಶ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದವನು, "ಆಯ್ತು ಸಾರ್, ಬಗ್ಗಿಸ್ತೀನಿ. ಪೋಸ್ಟಿಂಗ್ ಒಂದು ಉಳಿಸಿಕೊಡಿ," ಎಂದ.

ಸಭೆಗೆ ಮುಂಚಿನ ಭಾನುವಾರ ವಿದ್ಯಾ ಊಟಕ್ಕೆ ಕರೆದಿದ್ದಳು. ನಾನು ಹೋದಾಗ ಹರೀಶ ಕನ್ನಡಿಯ ಮುಂದೆ ನಿಂತು ಬಾಗುವುದನ್ನು ಅಭ್ಯಾಸ ಮಾಡುತ್ತಿದ್ದ. ಸ್ಫೂರ್ತಿ ಅವನಿಗೆ ಮೇಷ್ಟ್ರು. ಶಿಶುವಿಹಾರದಲ್ಲಿ ಕಲಿಸಿದ್ದರಲ್ಲ. "ಅಪ್ಪಾ, ಹಾಗಲ್ಲ. ಕೈ ಹೀಗೆ. ಕೆಳಗೆ ನೋಡ್ಬೇಕು. ಗೊಮೆನ್ನಸಾಯ್ ಅನ್ನು," ಎಂದು ಅವನ ಕೈ ಹಿಡಿದು ಪ್ಯಾಂಟಿನ ಮಗ್ಗುಲಿಗೆ ಒತ್ತಿ ನಿಲ್ಲಿಸುತ್ತಿದ್ದಳು. ಗೊಮೆನ್ನಸಾಯ್ ಅಂದರೆ ತಪ್ಪಾಯಿತು, ಕ್ಷಮಿಸಿ ಎಂದು. ನಾವು ನಕ್ಕೆವು. ಆಗ ಮಗು ತಲೆಯೆತ್ತಿ, "ನಾನಿ ಶಿತಾ ನೋ?" ಎಂದು ಕೇಳಿತು. ಏನು ಮಾಡಿದೆ ಅಪ್ಪಾ, ಎಂದು.

"ಏನೂ ಇಲ್ಲ ಪುಟ್ಟಿ."

"ಮತ್ಯಾಕೆ ಗೊಮೆನ್ನಸಾಯ್?"

ಹರೀಶ ಕನ್ನಡಿಯ ಕಡೆ ತಿರುಗಿ ಮತ್ತೊಮ್ಮೆ ಬಾಗಿದ. ವಿದ್ಯಾ ಬಿಸಿಬೇಳೆ ಭಾತಿನ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಭೆಯ ದಿನ ಅಂಗಡಿ ತುಂಬಿತ್ತು. ಗೋಡೆಯ ಮೇಲೆ ದೊಡ್ಡ ಬಾಸ್ ಎತ್ತಿ ಹಿಡಿದವರ ಫೋಟೋಗಳು, ಕೆಳಗೆ ಅಂಥ ಮೀನನ್ನು ಎಂದೂ ಹಿಡಿಯದವರು. ಅಧ್ಯಕ್ಷರು ಬರಲಿಲ್ಲ, ಮೈಗೆ ಹುಷಾರಿಲ್ಲವಂತೆ. ನಿಶಿಮುರಾ-ಸಾನ್ ನಾಲ್ಕು ಮಾತಾಡಿ ಹರೀಶನ ಕಡೆ ಕೈ ತೋರಿಸಿದರು. ಹರೀಶ ಮುಂದೆ ಬಂದ. ಮಗಳು ಕಲಿಸಿದಂತೆ ಕೈಗಳನ್ನು ಮಗ್ಗುಲಿಗೆ ಒತ್ತಿ, ಕೆಳಗೆ ನೋಡಿ, ಬಾಗಿದ. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಟ್ಯಾಕ್ಸಿ ಡ್ರೈವರ್ ಒಬ್ಬರು, ಪ್ರತಿ ಸಲ ಅರ್ಜಿ ಹಾಕಿದವರಂತೆ, "ನನ್ನ ಹೆಸರನ್ನು ಒಂದು ಸಲವಾದರೂ ನಿಜವಾಗಿ ಲೆಕ್ಕಕ್ಕೆ ತಗೊಂಡಿರಾ?" ಎಂದು ಕೇಳಿದರು. ಕೋಪದಿಂದ ಅಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು. ಹರೀಶ ಮತ್ತೆ ಬಾಗಿದ, ಅಷ್ಟೆ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟೆ. ಈ ಹುಡುಗ ಬರೆದ ಲಾಟರಿ ಚೊಕ್ಕವಾಗಿತ್ತು, ಅದನ್ನು ಕೆಡಿಸಲು ಹೇಳಿದವರು ಇಲ್ಲೇ ಕುಳಿತಿದ್ದಾರೆ ಎಂದೆ. ಜನ ನಿಶಿಮುರಾ-ಸಾನ್ ಕಡೆ ನೋಡಿದರು. ಅವರು ಎದ್ದು, ನನ್ನ ಮಾತನ್ನು ಜಪಾನಿಗೆ ಅನುವಾದಿಸಿದರು: "ಮೇಲಧಿಕಾರಿಯಾಗಿ ತಾನೂ ಹೃತ್ಪೂರ್ವಕ ಕ್ಷಮೆ ಕೇಳುತ್ತೇನೆ ಎನ್ನುತ್ತಿದ್ದಾರೆ." ಜನ ತಲೆದೂಗಿದರು! ತರಕಾರಿ ಕೊಳ್ಳುವಷ್ಟೇ ಜಪಾನಿ ಬರುತ್ತಿದ್ದ ನನಗೂ ಅದು ಅರ್ಥವಾಯಿತು. "ಚಿಗಾಇಮಾಸ್, ಚಿಗಾಇಮಾಸ್," ಅಲ್ಲ, ಅಲ್ಲ ಎಂದು ಕೂಗಿದೆ. ಹೆಂಗಸೊಬ್ಬಳು ದುಃಖಕ್ಕೆ ಕೂಗುತ್ತಿದ್ದಾಳೆ ಎಂಬಂತೆ ಎಲ್ಲರೂ ಮರ್ಯಾದೆಯಿಂದ ಕಣ್ಣು ಬೇರೆ ಕಡೆ ತಿರುಗಿಸಿದರು.

"ಕೂತ್ಕೊಳ್ಳಿ ಸುಜಾತಾ, ಮಾನ ಕಳೀಬೇಡಿ," ಎಂದರು ಪ್ರಸನ್ನ, ಕನ್ನಡದಲ್ಲಿ.

"ಯಾರ ಮಾನ?" ಎಂದೆ. ಆ ಕೋಣೆಯಲ್ಲಿ ನನ್ನ ಕನ್ನಡ ಅರ್ಥವಾಗುತ್ತಿದ್ದವರು ಇಬ್ಬರೇ. ಒಬ್ಬರು ಕೈಗಡಿಯಾರ ನೋಡಿಕೊಂಡರು, ಇನ್ನೊಬ್ಬ ಬಾಗಿಯೇ ಇದ್ದ. ಹೊರಗೆ ಹೋಗುವಾಗ ಆ ಟ್ಯಾಕ್ಸಿ ಡ್ರೈವರ್ ಪಕ್ಕದವರಿಗೆ, ವಿದೇಶದವರಿಗೆ ಕೆಲಸ ಕೊಟ್ಟಿದ್ದೇ ತಪ್ಪಾಯಿತು ಎಂದು ಮೆಲ್ಲಗೆ ಹೇಳಿದರು; ಅವರ ಎರಡೂ ಮಾತಿನ ಅರ್ಥ ನನಗೆ ಹರೀಶ ಆಮೇಲೆ ಹೇಳಿದ್ದು. ಅವರನ್ನು ನಾನು ದೂರುವುದಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದರು.

ಮರುದಿನವೇ ಗಿರಾಕಿಯ ವೆಬ್‌ಸೈಟಿನಲ್ಲಿ, ಹೊರಗಿನ ಕಂಪನಿಯ ಎಂಜಿನಿಯರ್ ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾನೆ ಎಂಬ ಪ್ರಕಟಣೆ ಬಂತು. ತಪ್ಪೊಪ್ಪಿಕೊಂಡವನನ್ನು ಇಟ್ಟುಕೊಳ್ಳುವುದು ಹೇಗೆ ಎಂದು ನಮ್ಮ ಬೆಂಗಳೂರಿನ ಹೆಡ್ ಆಫೀಸ್ ಕೇಳಿತು. ನೋಡ್ಕೋತೀನಿ ಎಂದಿದ್ದ ಪ್ರಸನ್ನ ನೋಡಿಕೊಂಡೇ ಕುಳಿತರು. ಹರೀಶನನ್ನು ವಾಪಸ್ ಕರೆಸಿಕೊಂಡರು. ಸ್ಫೂರ್ತಿ ಫುನಾಬೊರಿಯಲ್ಲಿ ಒಂದನೇ ಕ್ಲಾಸಿಗೆ ಹೋಗಲಿಲ್ಲ.

ಅವರು ಹೊರಡುವ ವಾರ ಆಫೀಸಿಗೆ ಒಂದು ಮರದ ಪೆಟ್ಟಿಗೆ ಬಂತು, ಹರೀಶನ ಹೆಸರಿಗೆ. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಆ ದೊಡ್ಡ ಲೂರ್. ಪತ್ರ ಇಲ್ಲ, ಕಳಿಸಿದವರ ಹೆಸರಿಲ್ಲ. ಬರಹದಲ್ಲಿ ಏನನ್ನೂ ಕೊಡದವರು ಯಾರು ಎಂದು ನಮಗೇನು ಗೊತ್ತಿರಲಿಲ್ಲವೇ? ಜನ ತಿಂಗಳುಗಟ್ಟಲೆ ಅರ್ಜಿ ಹಾಕಿ ಕಾಯುವ ವಸ್ತು, ಲಾಟರಿ ಇಲ್ಲದೆ ಅವನಿಗೆ ಸಿಕ್ಕಿತ್ತು. ಸರೋವರಕ್ಕೇ ಎಸೆದು ಬಾ ಎಂದು ನಾನು ಸಿಟ್ಟಿನಲ್ಲಿ ಹೇಳಿದೆ. ಹರೀಶ ಅದನ್ನು ಮನೆಗೆ ಒಯ್ದ.

ಅವರನ್ನು ಬೀಳ್ಕೊಡಲು ಹೋದಾಗ ಅದನ್ನು ಮತ್ತೆ ಕಂಡೆ. ಇಕ್ಕಳದಿಂದ ಕೊಕ್ಕೆಗಳನ್ನೆಲ್ಲ ಕಿತ್ತುಹಾಕಿದ್ದ. ಸ್ನಾನದ ತೊಟ್ಟಿಯಲ್ಲಿ ಸ್ಫೂರ್ತಿ ಅದರ ಮೂತಿಗೆ ದಾರ ಕಟ್ಟಿ ಎಳೆಯುತ್ತಿದ್ದಳು. ಮೂರು ತುಂಡಿನ ಮೈ ಬಳುಕಿಸುತ್ತ ಅದು ನಿಜವಾದ ಮೀನಿನಂತೆಯೇ ಈಜುತ್ತಿತ್ತು. ಅಷ್ಟು ಚೆಂದದ ವಸ್ತು! ಅದನ್ನು ನೋಡಿ ನನಗೆ ಅಳು ಬಂತು.

ನಿಶಿಮುರಾ-ಸಾನ್ ನನಗೆ ಬಹಳ ವರ್ಷ ಹೊಸವರ್ಷದ ಕಾರ್ಡ್ ಕಳಿಸುತ್ತಿದ್ದರು. ಪ್ರಸನ್ನ ವೈಸ್ ಪ್ರೆಸಿಡೆಂಟ್ ಆಗಿ ನಿವೃತ್ತರಾದರು. ಹರೀಶನ ಫೈಲಿನಲ್ಲಿ ಕೂತ ಆ ಕಪ್ಪುಚುಕ್ಕೆ ಅಳಿಯಲಿಲ್ಲ. ಕಂಪನಿ ಬಿಟ್ಟು ಮೈಸೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ. ಮತ್ತೆ ವಿದೇಶಕ್ಕೆ ಹೋಗಲಿಲ್ಲ, ಜಪಾನಿನ ಮಾತು ತೆಗೆದರೆ ಎದ್ದು ಹೋಗುತ್ತಾನೆ ಎಂದು ವಿದ್ಯಾ ಹೇಳುತ್ತಾಳೆ. ಇದನ್ನೆಲ್ಲ ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದೇಕೆ?

ಆಮೇಲೆ ನಾನು ದೊಡ್ಡ ದೊಡ್ಡ ಪ್ರಾಜೆಕ್ಟ್ ನಡೆಸಿದೆ. ಗಿರಾಕಿ ಮುನಿಸಿಕೊಂಡಾಗಲೆಲ್ಲ ನಮ್ಮ ಮೇಲಿನವರು, ತಂಡದವರನ್ನು ಕರೆದುಕೊಂಡು ಹೋಗಿ ಒಂದು ಕ್ಷಮೆ ಕೇಳಿಬಿಡಿ ಎನ್ನುತ್ತಿದ್ದರು. ನಿಜವಾಗಿ ತಪ್ಪಿದ್ದಾಗ ನಾನೇ ಮೊದಲು ಹೋಗಿ ಬಾಗಿದ್ದೇನೆ. ಇಲ್ಲದಾಗ ಒಂದೇ ಪ್ರಶ್ನೆ ಕೇಳಿದ್ದೇನೆ, ಇವನು ಏನು ಮಾಡಿದ ಎಂದು. ಆ ಪ್ರಶ್ನೆಗೆ ಉತ್ತರ ಬರುವವರೆಗೆ ನನ್ನ ತಂಡದ ಒಬ್ಬರ ತಲೆಯನ್ನೂ ಬಗ್ಗಿಸಲು ಬಿಡಲಿಲ್ಲ. ಮುಂಗೋಪಿ, ಹಟಮಾರಿ ಎಂಬ ಹೆಸರು ಬಂತು, ಬರಲಿ. ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ, ಕಲಿಸಿದವಳು ಐದು ವರ್ಷದ ಸ್ಫೂರ್ತಿ. ಆದರೆ ಅವಳು ಅಂದು ತನ್ನ ಅಪ್ಪನನ್ನು, ಮತ್ಯಾಕೆ ಗೊಮೆನ್ನಸಾಯ್ ಎಂದು ಕೇಳಿದ್ದಕ್ಕೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.