ಗೋಡೆ ಪಕ್ಕದ ಲೇನ್

ಆಫೀಸಿನಲ್ಲಿ ಅವಳಿಗೆ ಹುಳುಕಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆದವರಲ್ಲ. ಆದರೆ ಅವಳು ಊಟದ ಕೋಣೆಗೆ ಕಾಲಿಟ್ಟೊಡನೆ ಮಾತು ತಟ್ಟನೆ ನಿಲ್ಲುತ್ತಿತ್ತಲ್ಲ, ಅದರಿಂದಲೇ ಗೊತ್ತಾಗಿತ್ತು. ಅದು ವೆಬ್‌ಸೈಟ್ ಕಟ್ಟಿಕೊಡುವ ಕಂಪನಿ. ಉಳಿದವರು ಕಟ್ಟುತ್ತಾರೆ, ಚೆಂದ ಮಾಡುತ್ತಾರೆ, ಗಿರಾಕಿಯ ಕೈಲಿ ಭೇಷ್ ಅನ್ನಿಸಿಕೊಳ್ಳುತ್ತಾರೆ. ಇವಳ ಪಾಲಿಗೆ ಬಂದದ್ದು ಹುಳುಕು ತೆಗೆಯುವ ಕೆಲಸ. ಬಿಳಿಯ ಮೇಲೆ ಬರೆದ ಈ ಬೂದು ಅಕ್ಷರ ಮಂದಗಣ್ಣಿನವರಿಗೆ ಕಾಣದು. ಕೈ ನಡುಗುವವರು ಇಷ್ಟು ಸಣ್ಣ ಬಟನ್ ಒತ್ತಲಾರರು. ಈ ಚಿತ್ರದಲ್ಲಿ ಏನಿದೆಯೆಂದು ಕಣ್ಣು ಕಾಣದವರಿಗೆ ಯಾರು ಹೇಳಬೇಕು? ಹೀಗೆ ಅವಳು ಕೇಳುತ್ತ ಹೋದರೆ, ಮೇಲಧಿಕಾರಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ "ನಾಳೆ ನೋಡೋಣ ಮೇಡಂ" ಅನ್ನುತ್ತಿದ್ದರು. ಅವರಿಗೆ ಅವಳು ಮನಸ್ಸಿನಲ್ಲೇ ನಾಳೆ ಸಾಹೇಬರು ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡಿದ್ದಳು.

ಮನೆಯಲ್ಲೂ ಅವಳ ತಲೆ ಸುಮ್ಮನಿರುತ್ತಿರಲಿಲ್ಲ. ಪುಟ್ಟಿ ಹುಟ್ಟಿದ ಮೇಲಂತೂ ಪ್ರತಿಯೊಂದು ಭಯಕ್ಕೂ ಒಂದೊಂದು ಆ್ಯಪ್ ಶುರುವಾಗುತ್ತಿತ್ತು. ಮಗು ಯಾಕೆ ಅಳುತ್ತಿದೆ ಎಂದು ಕೇಳಿಸಿಕೊಂಡು ಹೇಳುವ ಆ್ಯಪ್ ಒಂದು. ಅದು ಕುಕ್ಕರ್ ಕೂಗಿದಾಗಲೆಲ್ಲ "ಹಸಿವು" ಎಂದು ತೀರ್ಪು ಕೊಡುತ್ತಿತ್ತು. ಗಂಡನಿಗೆ ಕೆಂಪು ಹಸಿರಿನ ವ್ಯತ್ಯಾಸ ತಿಳಿಯದು ಎಂದು ಕಾಲುಚೀಲದ ಬಣ್ಣ ಹೇಳುವ ಆ್ಯಪ್ ಇನ್ನೊಂದು. ಅದಕ್ಕೆ ಮನೆಯ ಕಾಲುಚೀಲಗಳೆಲ್ಲ ಬೂದು. ಕಣ್ಣು ಕಾಣದ ಚಿಕ್ಕಮ್ಮನಿಗಾಗಿ ಬಸ್ಸಿನ ನಂಬರು ಓದಿ ಹೇಳುವುದನ್ನೂ ಮಾಡಿದ್ದಳು. ಚಿಕ್ಕಮ್ಮ ಅದನ್ನು ಒಂದು ವಾರ ಬಳಸಿ, "ಚೆನ್ನಾಗಿದೆ ಕಣೇ, ಬಸ್ಸು ಹೋದ ಮೇಲೆ ಸರಿಯಾಗಿ ಹೇಳುತ್ತೆ" ಎಂದು ಹಿಂದಿರುಗಿಸಿದ್ದರು.

ಗಂಡ ಇವಕ್ಕೆಲ್ಲ ಸೇರಿ ಅರ್ಧಂಬರ್ಧ ಅಂಗಡಿ ಎಂದು ಬೋರ್ಡು ಹಾಕಿದ್ದ. "ಒಂದನ್ನಾದ್ರೂ ಮುಗಿಸೇ ಮಾರಾಯ್ತಿ. ನಿನ್ನ ಲ್ಯಾಪ್‌ಟಾಪು ಕೈಕಾಲಿಲ್ಲದ ಗೊಂಬೆಗಳ ಗೋದಾಮಾಗಿದೆ."

"ಮುಗಿಸ್ತೀನಿ ರೀ. ನೀವು ಮೊದ್ಲು ಆ ಕಾಲುಚೀಲ ಬದಲಾಯಿಸಿ, ಒಂದು ಹಸಿರು, ಒಂದು ಕೆಂಪು."

ಚಿಕ್ಕಮ್ಮ ಅವಳ ತಾಯಿಯ ತಂಗಿ. ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಕಣ್ಣು ಒಂದೇ ಸಲಕ್ಕೆ ಹೋಗದೆ, ಸಂಜೆ ಕವಿದಂತೆ ನಿಧಾನವಾಗಿ ಹೋಗಿತ್ತು. ಈಗ ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. ಪರದೆಯ ಮೇಲಿರುವುದನ್ನೆಲ್ಲ ದನಿಯಲ್ಲಿ ಹೇಳುವ ಸ್ಕ್ರೀನ್ ರೀಡರನ್ನು ಹೊಲಿಗೆ ಯಂತ್ರದ ವೇಗಕ್ಕೆ ಇಟ್ಟುಕೊಂಡಿರುತ್ತಾರೆ. ಪಕ್ಕದಲ್ಲಿ ಕೂತವರಿಗೆ ಒಂದಕ್ಷರವೂ ತಿಳಿಯದು. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು. ಯಾರಾದರೂ ಕೇಳದೆ ತೋಳು ಹಿಡಿದು ರಸ್ತೆ ದಾಟಿಸಲು ಬಂದರೆ, "ಬಿಡಿ, ನಾನು ಆ ಕಡೆ ಹೋಗ್ಬೇಕಾಗಿಲ್ಲ" ಎಂದು ಸುಳ್ಳು ಹೇಳಿ, ಅವರು ಹೋದ ಮೇಲೆ ದಾಟುವವರು.

ಅವರಿಗಿದ್ದ ಒಂದೇ ಒಂದು ಸುಖವೆಂದರೆ ಈಜು. ಆ ಬಡಾವಣೆಯ ಸಾರ್ವಜನಿಕ ಈಜುಕೊಳದಲ್ಲಿ ಉಳಿದ ಲೇನುಗಳಿಗೆ ಮೂರು ಮೂರು ಜನ. ಗೋಡೆಗೆ ತಾಗಿದ ಕೊನೆಯ ಲೇನು ಇಕ್ಕಟ್ಟು, ಅದಕ್ಕೆ ಒಬ್ಬರೇ. ಬೆಳಿಗ್ಗೆ ಏಳಕ್ಕೆ ಚಿಕ್ಕಮ್ಮ ಆ ಲೇನಿಗಿಳಿದು, ಆಗೊಮ್ಮೆ ಈಗೊಮ್ಮೆ ಗೋಡೆಗೆ ಬೆರಳು ತಾಗಿಸಿಕೊಳ್ಳುತ್ತ, ಯಾರ ಹಂಗೂ ಇಲ್ಲದೆ ಈಜುತ್ತಿದ್ದರು. "ನೆಲದ ಮೇಲಾದ್ರೆ ಪ್ರತಿ ಹೆಜ್ಜೆಗೂ ಏನಾದ್ರೂ ತಾಗುತ್ತೇನೋ ಅಂತ ಭಯ. ಅಲ್ಲೊಂದೇ ಕಣೇ, ಮೈ ಚಾಚಿ ಹೋಗಬಹುದು" ಎನ್ನುತ್ತಿದ್ದರು. ಲೇನನ್ನು ಫೋನ್ ಮಾಡಿ ಹಿಡಿಯಬೇಕಿತ್ತು. ಸಿಕ್ಕರೆ ಆ ಋತುವಿಡೀ ಅವರದೇ. ಕೌಂಟರಿನವನೋ, "ಜೊತೇಲಿ ಯಾರಾದ್ರೂ ಇದ್ದಾರಾ? ಅವರಿಗೆ ಫೋನ್ ಕೊಡಿ" ಎಂದು ಪ್ರತಿ ಸಲ ಕೇಳುವನು. ಪ್ರತಿ ಸಲವೂ ಚಿಕ್ಕಮ್ಮ ಅವನ ಗ್ರಹಚಾರ ಬಿಡಿಸಿಯೇ ಲೇನು ತೆಗೆದುಕೊಳ್ಳುವರು.

ಈಗ ಫೋನಿನ ಬುಕಿಂಗ್ ನಿಂತು ಎಲ್ಲವೂ ವೆಬ್‌ಸೈಟಿನಲ್ಲೇ ಎಂದಾಯಿತು. ಆ ವೆಬ್‌ಸೈಟ್ ಕಟ್ಟುವ ಕೆಲಸ ಇವಳ ಕಂಪನಿಗೇ ಬಂತು. ಸುದ್ದಿ ಕೇಳಿದ ದಿನವೇ ಅವಳು ಕೆಳಗಿನ ಮನೆಗೆ ಓಡಿ, "ಈ ಸಲ ಯಾರಿಗೂ ಫೋನ್ ಕೊಡೋದು ಬೇಡ ಚಿಕ್ಕಮ್ಮ. ನೀವೇ ಕೂತು, ನೀವೇ ತಗೊಳ್ತೀರಿ" ಎಂದು ಮಾತು ಕೊಟ್ಟುಬಿಟ್ಟಳು. ಕೊಟ್ಟ ಮೇಲೆ ಹೆದರಿದಳು. ಅದು ಅವಳ ಅಭ್ಯಾಸ.

ಆಫೀಸಿನಲ್ಲಿ ಜಗಳ ಶುರುವಾಯಿತು. ದಿನ ಆರಿಸುವ ಕ್ಯಾಲೆಂಡರು ಮೌಸ್ ಇಲ್ಲದೆ ಬರೀ ಕೀಬೋರ್ಡಿಗೆ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಲೇನುಗಳ ನಕ್ಷೆಗೆ ಮಾತೇ ಬರುತ್ತಿರಲಿಲ್ಲ. "ಕಣ್ಣು ಕಾಣದವರು ಎಷ್ಟು ಜನ ಈಜೋಕೆ ಬರ್ತಾರೆ ಮೇಡಂ?" ಎಂದು ನಾಳೆ ಸಾಹೇಬರು ನಕ್ಕರು. "ಬಾಗಿಲು ಹಾಕ್ಕೊಂಡು, ಯಾರೂ ಒಳಗೆ ಬರ್ತಿಲ್ಲ ಅಂದ್ರೆ ಹೇಗೆ ಸರ್?" ಎಂದಳು ಇವಳು. ಕಲ್ಲಿನ ಮೇಲೆ ಮಳೆ ಸುರಿದಂತೆ. ಕೊನೆಗೆ ಪುಟ್ಟಿ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ, ಒಂದು ಕಾಲಿನಲ್ಲಿ ತೊಟ್ಟಿಲು ತೂಗುತ್ತ, ಎಲ್ಲವನ್ನೂ ಅವಳೇ ತಿದ್ದಿದಳು. ಅರ್ಧಂಬರ್ಧ ಅಂಗಡಿ ಅಷ್ಟು ದಿನ ಮುಚ್ಚಿತ್ತು.

ತಿದ್ದಿ ಸುಮ್ಮನಿರಬಹುದಿತ್ತು. ಆದರೆ ಭಯ ಬಿಡಬೇಕಲ್ಲ! ಕಣ್ಣಿದ್ದವರಿಗೆ ಒಂದು ಲೇನು ಭರ್ತಿಯಾದದ್ದು ಬಣ್ಣ ಬದಲಾದಾಗ ತಿಳಿಯುತ್ತದೆ, ಚಿಕ್ಕಮ್ಮನಿಗೆ? ಅವರು ಒಂದು ಲೇನನ್ನು ಆರಿಸಿಕೊಂಡು ಕೂತಿರುವಾಗಲೇ ಬೇರೆಯವರು ಅದನ್ನು ಹಾರಿಸಿಕೊಂಡು ಹೋದರೆ? ಆದ್ದರಿಂದ ಯಾವ ಲೇನು ಭರ್ತಿಯಾದರೂ ಪುಟವೇ ತಕ್ಷಣ ಬಾಯಿಬಿಟ್ಟು ಹೇಳುವಂತೆ ಮಾಡಿದಳು. ಉಳಿದ ಮಾತನ್ನು ಅಲ್ಲಿಗೇ ತಡೆದು ಅದನ್ನೇ ಮೊದಲು ಹೇಳಬೇಕು, ಹಾಗೆ. ನಾಳೆ ಸಾಹೇಬರಿಗೆ ಇದೊಂದು ಬಹಳ ಹಿಡಿಸಿತು. ಗಿರಾಕಿಯ ಮುಂದೆ ಲೇನೊಂದನ್ನು ಭರ್ತಿ ಮಾಡಿ, ಪುಟ ಮಾತಾಡಿದಾಗ ತಮ್ಮ ಮಗುವೇ ಮೊದಲ ಮಾತಾಡಿದಂತೆ ಬೀಗಿದರು.

ಉದ್ಘಾಟನೆಗೆ ಮುಂಚೆ ಹೊರಗಿನವರಿಗೆ ತೋರಿಸಬಾರದೆಂದು ಕರಾರು. ಹಾಗಾಗಿ ಚಿಕ್ಕಮ್ಮನನ್ನು ಕೂರಿಸಿ ನೋಡಲಾಗಲಿಲ್ಲ. ಪರದೆ ಆರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಅವಳೇ ಪರೀಕ್ಷಿಸಿದಳು, ಮೂರು ನಾಲ್ಕು ಸಲ. ಸಲೀಸಾಗಿ ನಡೆಯಿತು. ಪುಟದಲ್ಲಿ ಅವಳೊಬ್ಬಳೇ ಇದ್ದಳು.

ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಚಿಕ್ಕಮ್ಮ ಸ್ನಾನ ಮಾಡಿ, ಪರೀಕ್ಷೆಗೆ ಹೊರಟವರಂತೆ ಮೇಜಿನ ಮುಂದೆ ಕೂತಿದ್ದರು. ಹಿಂದೆ, ಸೊಂಟದ ಮೇಲೆ ಪುಟ್ಟಿ, ಕೈಯಲ್ಲಿ ಫೋನು ಹಿಡಿದು ಇವಳು.

"ಬಾಯಿ ಬಿಡಬಾರದು" ಎಂದರು ಚಿಕ್ಕಮ್ಮ.

"ಬಿಡಲ್ಲ."

"ಉಸಿರು ಬಿಡೋದೂ ಕೇಳಿಸ್ತಿದೆ. ಒಂದು ಹೆಜ್ಜೆ ಹಿಂದೆ ನಿಂತ್ಕೋ."

ಹತ್ತಕ್ಕೆ ಪುಟ ತೆರೆಯಿತು. ಚಿಕ್ಕಮ್ಮನ ಬೆರಳು ಓಡಿತು, ದನಿಯೂ ಜೊತೆಗೆ ಓಡಿತು: ದಿನ, ಹೊತ್ತು, ಲೇನು. ಅಷ್ಟರಲ್ಲಿ ಪುಟ ಬಾಯಿ ಹಾಕಿತು. ಎರಡನೇ ಲೇನ್, ಎಂಟು ಗಂಟೆ, ಭರ್ತಿ. ಚಿಕ್ಕಮ್ಮ ಮತ್ತೆ ಒತ್ತಿದರು. ದನಿ "ಗೋಡೆ" ಎನ್ನುವಷ್ಟರಲ್ಲಿ, ನಾಲ್ಕನೇ ಲೇನ್, ಆರು ಗಂಟೆ, ಭರ್ತಿ. ಮೂರನೇ ಲೇನ್, ಭರ್ತಿ. ಮತ್ತೆ ಎರಡನೆಯದು. ಊರವರೆಲ್ಲ ಒಮ್ಮೆಗೇ ನುಗ್ಗಿದ್ದರು. ಅವರು ಹಿಡಿದ ಒಂದೊಂದು ಲೇನನ್ನೂ ಪುಟ ಪ್ರಾಮಾಣಿಕವಾಗಿ ಚಿಕ್ಕಮ್ಮನ ಕಿವಿಗೆ ಊದುತ್ತಿತ್ತು. ತಾವು ಎಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಬೇಕಾದ ಎರಡು ಪದ ಮಾತ್ರ ಅವರಿಗೆ ಪೂರ್ತಿಯಾಗಿ ಕೇಳಿಸಲೇ ಇಲ್ಲ.

ಏನಾಗಿದೆ ಎಂದು ಇವಳಿಗೆ ಮೊದಲ ಮಾತಿಗೇ ತಿಳಿದಿತ್ತು.

"ಇದೇನೇ ಇದು, ಸಂತೇಲಿ ಕೂರಿಸಿಬಿಟ್ಟಿದ್ದೀಯ! ನಾನು ಎಲ್ಲಿದ್ದೀನಿ ಅಂತ ಹೇಳೋಕೇ ಬಿಡ್ತಿಲ್ವಲ್ಲ! ಯಾವನೋ ನಾಲ್ಕನೇ ಲೇನ್ ತಗೊಂಡ್ರೆ ನನಗೇನು?"

"ಚಿಕ್ಕಮ್ಮ, ನಾನೇ ಹಾಕ್ಬಿಡ್ಲಾ? ಗೋಡೆ ಲೇನ್ ಇನ್ನೂ ಖಾಲಿ ಇದೆ. ಫೋನಲ್ಲಿ ಕಾಣ್ತಿದೆ."

"ಬೇಡ."

"ಒಂದೇ ಒಂದು ಸಲ ಒತ್ತಿದ್ರೆ..."

"ಬೇಡ ಅಂದ್ನಲ್ಲ!"

ಪುಟ್ಟಿ ಅಜ್ಜಿಯ ಏರುದನಿಗೆ ಬೆಚ್ಚಿ ಅಳತೊಡಗಿತು. ಒಂದು ಕಡೆ ಮಗು, ಒಂದು ಕಡೆ ಭರ್ತಿ ಭರ್ತಿ ಎನ್ನುವ ಯಂತ್ರ, ನಡುವೆ ಫೋನಿನಲ್ಲಿ ಇನ್ನೂ ಖಾಲಿಯಿದ್ದ ಒಂದೇ ಒಂದು ಹಸಿರು ಚೌಕ. ಅತ್ತ ದರಿ, ಇತ್ತ ಪುಲಿ. ಅವಳ ಹೆಬ್ಬೆರಳು ಅವಳನ್ನು ಕೇಳಲಿಲ್ಲ. ತನ್ನ ಹೆಸರಿನಲ್ಲೇ ಒತ್ತಿಬಿಟ್ಟಳು.

ಗೋಡೆ ಪಕ್ಕದ ಲೇನ್, ಏಳು ಗಂಟೆ, ಭರ್ತಿ.

ಈ ಮಾತನ್ನು ಪುಟ ಬಹಳ ಸ್ಪಷ್ಟವಾಗಿ ಹೇಳಿತು. ಚಿಕ್ಕಮ್ಮನ ಕೈ ನಿಂತಿತು.

"ಹೋಯ್ತು" ಎಂದರು ಮೆಲ್ಲಗೆ.

"ಇಲ್ಲ ಚಿಕ್ಕಮ್ಮ, ಹೋಗಿಲ್ಲ. ನಾನೇ... ನಾನೇ ತಗೊಂಡೆ. ನಿಮಗೋಸ್ಕರಾನೇ."

ಚಿಕ್ಕಮ್ಮ ಲ್ಯಾಪ್‌ಟಾಪಿನ ದನಿ ನಿಲ್ಲಿಸಿದರು. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಕುರ್ಚಿ ಹಿಂದೆ ಸರಿಸಿ, "ಆ ಕೌಂಟರಿನವನು ಎಷ್ಟೋ ವಾಸಿ. ನಾನು ಬೈದ್ರೆ ಕೇಳ್ತಿದ್ದ" ಎಂದರು. "ನಿನ್ನ ಹೆಸರಲ್ಲಿದೆ ತಾನೇ? ನೀನೇ ಈಜ್ಕೋ."

ಅವಳು ಮೇಲಕ್ಕೆ ಬಂದು, ಮಗುವಿಗೆ ಹಾಲು ಕೊಡುತ್ತಲೇ ನಾಳೆ ಸಾಹೇಬರಿಗೆ ಫೋನು ಹಚ್ಚಿದಳು. ಆ ಮಾತಾಡುವುದನ್ನು ಈಗಲೇ ತೆಗೆಯಬೇಕು, ಒಬ್ಬಳೇ ಪರೀಕ್ಷಿಸಿದ್ದರಿಂದ ತನಗೆ ಹೊಳೆಯಲಿಲ್ಲ, ಜನ ಸೇರಿದಾಗ ಅದು ಕಿವಿಯನ್ನೇ ಮುಚ್ಚಿಬಿಡುತ್ತದೆ ಎಂದಳು.

"ಏನ್ ಮೇಡಂ ನೀವು! ಹಾಕಿ ಅಂತ ಕೂತ್ರಿ, ಈಗ ತೆಗೀರಿ ಅಂತ ನಿಂತ್ರಿ. ಗಿರಾಕಿಗೆ ಅದೇ ಬಹಳ ಇಷ್ಟ ಆಗಿರೋದು."

"ಗಿರಾಕಿಗೆ ಕಣ್ಣು ಕಾಣುತ್ತೆ ಸರ್!"

"ಮುಂದಿನ ಸಲ ಬದಲಾವಣೆ ಮಾಡುವಾಗ ಸೇರಿಸೋಣ. ಯಾರೂ ದೂರು ಕೊಟ್ಟಿಲ್ಲವಲ್ಲ?"

ದೂರು ಕೊಡುವವರು ಕೆಳಗಿನ ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ಅವಳು ಫೋನನ್ನು ಹಾಸಿಗೆಯ ಮೇಲೆ ಎಸೆದಳು. ಹಾಸಿಗೆಯ ಮೇಲೇ ಎಸೆದಳು. ಒಡೆದರೆ ಎಂಬ ಭಯ ಆ ಸಿಟ್ಟಿನಲ್ಲೂ ಬಿಡಲಿಲ್ಲ.

ಗಂಡ ಸಂಜೆ ಬಂದು ಎಲ್ಲ ಕೇಳಿಸಿಕೊಂಡ. "ಲೇನ್ ಇದೆಯಲ್ಲ, ಇಟ್ಕೋ. ನಾಲ್ಕು ದಿನ ಮುನಿಸಿಕೊಂಡು ಆಮೇಲೆ ಹೋಗ್ತಾರೆ."

"ಹೋಗಲ್ಲ ರೀ. ನಿಮಗೆ ಗೊತ್ತಿಲ್ಲ, ನಮ್ಮ ಮನೆ ಹೆಂಗಸರ ಹಟ."

"ಗೊತ್ತಿಲ್ಲದೆ ಏನು, ಒಂದನ್ನ ಕಟ್ಕೊಂಡಿದ್ದೀನಲ್ಲ. ಹಾಗಾದ್ರೆ ರದ್ದು ಮಾಡು, ಅವರೇ ತಗೊಳ್ಲಿ."

ಅಲ್ಲೇ ಇದ್ದದ್ದು ತೊಡಕು. ರದ್ದಾದ ಲೇನು ಖಾಲಿಯಾಗಿ ಉಳಿಯುವುದಿಲ್ಲ. ಕಾಯುತ್ತಿರುವವರಲ್ಲಿ ಮೊದಲಿದ್ದವರಿಗೆ ತಾನಾಗಿಯೇ ಹೋಗುತ್ತದೆ. ನ್ಯಾಯವಾಗಿರಲಿ ಎಂದು ಅದನ್ನು ಬರೆದವಳೂ ಅವಳೇ.

ಮರುದಿನ ಚಿಕ್ಕಮ್ಮನ ಮುಂದೆ ಇದನ್ನೆಲ್ಲ ಒಪ್ಪಿಸಿದಳು. ಇಟ್ಟುಕೊಂಡರೆ ಲೇನು ಇವರದು, ಬಿಟ್ಟರೆ ಬೇರೆಯವರದು. ಚಿಕ್ಕಮ್ಮ ಬಟಾಣಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಬಿಟ್ಬಿಡು."

"ಚಿಕ್ಕಮ್ಮ, ಯೋಚನೆ ಮಾಡಿ. ಉಳಿದ ಲೇನಲ್ಲಿ ಮೂರು ಜನ. ಯಾರಾದ್ರೂ ಡಿಕ್ಕಿ ಹೊಡೆದ್ರೆ?"

"ಹೊಡೀಲಿ. ಬಿಡು ಅಂದೆ."

ಅವಳು ಬಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಚೌಕ ಮತ್ತೆ ಬೂದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಚಿಕ್ಕಮ್ಮ ಕೈ ಒರೆಸಿಕೊಂಡು ತಮ್ಮ ಲ್ಯಾಪ್‌ಟಾಪ್ ತೆರೆದರು. ಜನ ಕರಗಿದ್ದರು, ಪುಟ ಗಪ್‌ಚುಪ್. ಹೊಲಿಗೆ ಯಂತ್ರ ಒಂದೇ ಸಮನೆ ಓಡಿತು. ಮಧ್ಯಾಹ್ನದ ಪಾಳಿಗೆ ಮೂರನೇ ಲೇನಿನಲ್ಲಿ ಒಂದು ಜಾಗ ಉಳಿದಿತ್ತು. ಚಿಕ್ಕಮ್ಮ ಅದನ್ನು ಹಿಡಿದು ಮುಚ್ಚಳ ಮುಚ್ಚಿದರು.

"ಯಾರೂ ಇಲ್ಲದಾಗ ಚೆನ್ನಾಗೇ ಇದೆ ನಿನ್ನ ಸೈಟು" ಎಂದರು.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದೆ, ಬಟಾಣಿ ಸಿಪ್ಪೆಯನ್ನು ಗುಡಿಸಿ ಹಾಕಿದಳು.

ಮೊದಲ ದಿನ ಚಿಕ್ಕಮ್ಮ ಬೇಡವೆಂದರೂ ಅವಳು ಪುಟ್ಟಿಯನ್ನೆತ್ತಿಕೊಂಡು ಕೊಳದ ಅಂಚಿಗೆ ಹೋಗಿ ನಿಂತಳು. ಮೂರನೇ ಲೇನಿನಲ್ಲಿ ದಪ್ಪ ದೇಹದ ಒಬ್ಬರು, ಮತ್ತೊಬ್ಬ ತರುಣಿ, ನಡುವೆ ಚಿಕ್ಕಮ್ಮ. ತಾಗಿಸಲು ಗೋಡೆಯಿಲ್ಲ, ತೇಲುವ ಹಗ್ಗ ಮುಟ್ಟಿದರೆ ಅತ್ತಿತ್ತ ಜಾರುತ್ತದೆ. ಒಂದು ಸುತ್ತು ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಚಿಕ್ಕಮ್ಮನ ಮೊಣಕೈ ಆ ದಪ್ಪನೆಯವರ ಪಕ್ಕೆಗೆ ಬಿತ್ತು.

"ಏನ್ರೀ, ನೋಡ್ಕೊಂಡು ಬರಬಾರದಾ?"

"ಅದೊಂದು ನನ್ನ ಕೈಲಾಗಲ್ಲ ಸ್ವಾಮಿ. ನೀವೇ ನೋಡ್ಕೊಳ್ಳಿ."

ಆತ ಚಿಕ್ಕಮ್ಮನ ಮುಖವನ್ನು ಆಗ ದಿಟ್ಟಿಸಿ, ತಬ್ಬಿಬ್ಬಾಗಿ ಪಕ್ಕಕ್ಕೆ ಸರಿದ. ಚಿಕ್ಕಮ್ಮ ಮತ್ತೆ ಹೊರಟರು, ಓರೆಯಾಗಿ, ನೇರ ಆ ತರುಣಿ ಬರುತ್ತಿದ್ದ ಕಡೆಗೆ. ಇವಳು ತುಟಿ ಕಚ್ಚಿದಳು. ಮಗುವನ್ನು ಅವುಚಿಕೊಂಡಳು. ಆಗಲಿಲ್ಲ.

"ಎಡಕ್ಕೆ, ಚಿಕ್ಕಮ್ಮ! ಎಡಕ್ಕೆ!"

ಚಿಕ್ಕಮ್ಮ ಥಟ್ಟನೆ ನಿಂತು ನೀರು ಕುಡಿದರು. ಕೆಮ್ಮಿ, ಉಗಿದು, ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದರು.

"ಇನ್ನೊಂದು ಸಲ ಬಾಯಿ ಬಿಟ್ರೆ ನೋಡು! ಆ ಹುಡುಗಿ ನೀರಿಗೆ ಕೈ ಬಡಿಯೋ ಸದ್ದು ಕೇಳ್ಕೊಂಡೇ ಹೋಗ್ತಿದ್ದೆ. ಅದನ್ನೂ ಮುಚ್ಚಿಹಾಕಿದೆ."

ಅವಳು ಎರಡು ಹೆಜ್ಜೆ ಹಿಂದೆ ಸರಿದು, ಒದ್ದೆ ಬೆಂಚಿನ ಮೇಲೆ ಕೂತಳು. ಚಿಕ್ಕಮ್ಮ ಕಿವಿಯೊಳಗಿನ ನೀರನ್ನು ಕೊಡವಿ, ಸ್ವಲ್ಪ ಹೊತ್ತು ಆಲಿಸಿ, ಮತ್ತೆ ಕೈ ಚಾಚಿದರು. ಓರೆಯಾಗಿಯೇ.