ಹಳೇ ಡೆವಲಪರಿನಲ್ಲಿ ಬೆಳ್ಳಗಾದ ಹುಡುಗಿ

"ಹುಡುಗಿ ಇವಳೇನಾ? ಇಲ್ಲಾ ಇವಳ ತಂಗಿ ಫೋಟೋ ಕಳಿಸಿಬಿಟ್ರಾ?"

ಮುಲುಂಡಿನಿಂದ ನನ್ನನ್ನು ನೋಡಲು ಬಂದಿದ್ದ ಹುಡುಗನ ತಾಯಿ, ಪರ್ಸಿನಿಂದ ನನ್ನ ಫೋಟೋ ತೆಗೆದು, ಒಂದು ಸಲ ಅದನ್ನೂ ಒಂದು ಸಲ ನನ್ನನ್ನೂ ನೋಡಿ ಕೇಳಿದ ಮಾತು ಇದು. ನಾನು ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ನನಗೆ ತಂಗಿಯೇ ಇಲ್ಲ.

ಎಂಬತ್ತರ ದಶಕದ ಕೊನೆ. ಮುಂಬಯಿಯ ಕಾಂದಿವಲಿಯಲ್ಲಿ ನಮ್ಮದು ಒನ್ ರೂಮ್ ಕಿಚನ್. ಇಷ್ಟು ವರ್ಷವಾದರೂ ಆ ಸಂಜೆ ನೆನಪಾದರೆ ಮೈ ಉರಿಯುತ್ತದೆ... ಆಕೆಯ ಮೇಲಲ್ಲ, ನಮ್ಮಪ್ಪನ ಮೇಲೆ.

ಯಾಕೆ ಅಂತ ಗೊತ್ತಾಗಬೇಕಾದರೆ ಅಪ್ಪನ ಎನ್‌ಲಾರ್ಜರ್ ವಿಷಯ ಹೇಳಬೇಕು.

ಆಗ ಹುಡುಗಿಯ ಜಾತಕದ ಜೊತೆ ಫೋಟೋ ಹೋಗಲೇಬೇಕಿತ್ತು. ಜಾತಕ ಕೂಡಿಬರಲಿಲ್ಲ ಅಂತ ಕಾಗದ ಬರುತ್ತಿತ್ತೇ ಹೊರತು ಫೋಟೋ ಮಾತ್ರ ವಾಪಸ್ ಬರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕಾಪಿ ಹಾಕಿಸಿ ಹಾಕಿಸಿ ಅಪ್ಪನಿಗೆ ರೇಗಿಹೋಗಿತ್ತು.

ಸರಿ, ಫೋಟೋ ನಾವೇ ಮನೆಯಲ್ಲಿ ಪ್ರಿಂಟ್ ಮಾಡೋಣ ಅಂತ ಹೊರಟರು. ಅದಕ್ಕೆ ನೆಗೆಟಿವ್‌ನಿಂದ ಫೋಟೋ ದೊಡ್ಡದು ಮಾಡಿ ಪೇಪರಿಗಿಳಿಸುವ ಎನ್‌ಲಾರ್ಜರ್ ಬೇಕು. ಹೊಸದರ ಬೆಲೆ ಕೇಳಿ ಫೋರ್ಟ್ ಏರಿಯಾದ ಅಂಗಡಿಯಿಂದ ಹಾಗೇ ಇಳಿದು ಬಂದರು. ಕೊನೆಗೆ ಕುರ್ಲಾದಲ್ಲಿ ಯಾವುದೋ ಸ್ಟುಡಿಯೋ ಮುಚ್ಚುತ್ತಿದ್ದಾಗ ತುಕ್ಕು ಹಿಡಿದ ಒಂದನ್ನು ಕೊಂಡು, ಬೆಡ್‌ಶೀಟ್ ಸುತ್ತಿ, ಲೋಕಲ್ ಟ್ರೈನಿನಲ್ಲಿ ಎಲ್ಲರ ಹತ್ತಿರ ಬೈಸಿಕೊಂಡು ತಂದರು.

ನಮ್ಮ ಬಾತ್‌ರೂಮೇ ಡಾರ್ಕ್‌ರೂಮ್. ಕಿಟಕಿಗೆ ಕಪ್ಪು ಕಾಗದ, ಮೇಲೆ ಕೆಂಪು ಬಲ್ಬ್, ಬಕೆಟ್ ಮೇಲೆ ಹಲಗೆ. ಟ್ರೇ ಅಲ್ಲಾಡಿಸುವ ಕೆಲಸ ನನ್ನದು.

ಆಮೇಲೆ ಗೊತ್ತಾಯಿತು... ಮಷೀನು ಅಗ್ಗ, ಅದರ ಹೊಟ್ಟೆಗೆ ಹಾಕುವುದು ದುಬಾರಿ. ಪೇಪರ್ ಬೇಕು, ಚಿತ್ರ ಮೂಡಿಸುವ ಡೆವಲಪರ್ ಬೇಕು, ಅದು ಮಾಸದ ಹಾಗೆ ನಿಲ್ಲಿಸುವ ಫಿಕ್ಸರ್ ಬೇಕು.

ಅಪ್ಪ ಡೆವಲಪರನ್ನು ಉಳಿಸತೊಡಗಿದರು. ಒಂದು ಸಲ ಬಳಸಿದ್ದನ್ನು ಹಳೇ ಪೇಪರ್ ಕೊಳ್ಳುವ ರದ್ದಿವಾಲಾನ ಹತ್ತಿರ ತಂದ ಬಿಯರ್ ಬಾಟಲಿಯಲ್ಲಿ ತುಂಬಿ, ದೇವರ ಗೂಡಿನ ಕೆಳಗೇ ಇಡುತ್ತಿದ್ದರು. ಅಮ್ಮ ಅದಕ್ಕೂ ಒಪ್ಪಿದ್ದಳು. ಚಹಾದ ಬಣ್ಣಕ್ಕೆ ತಿರುಗಿದರೂ "ಇನ್ನೂ ಜೀವ ಇದೆ ಅದಕ್ಕೆ" ಅನ್ನುತ್ತಿದ್ದರು ಅಪ್ಪ.

ಜೀವ ಹೋದ ಡೆವಲಪರಿನಲ್ಲಿ ಕಪ್ಪು ಮೂಡುವುದಿಲ್ಲ. ಒಂದು ಭಾನುವಾರ ನನ್ನ ಫೋಟೋ ಪೂರ್ತಿ ಪೇಲವವಾಗಿ ಬಂತು. ಸೀರೆಯ ಅಂಚು ಮಾಯ, ಹುಬ್ಬು ಅರ್ಧ ಮಾಯ. ಅಪ್ಪ ಅದನ್ನು ಎಸೆಯುವುದರಲ್ಲಿದ್ದರು.

"ಅಯ್ಯೋ ಇರಲಿ ಅಂದ್ರೆ! ಎಷ್ಟು ಬೆಳ್ಳಗೆ ಕಾಣ್ತಾಳೆ ನೋಡಿ" ಅಂದಳು ಅಮ್ಮ.

ಅಪ್ಪ ಮತ್ತೊಮ್ಮೆ ನೋಡಿದರು. ಖರ್ಚೂ ಇಲ್ಲ, ಮಗಳೂ ಬಿಳಿ. ಅವತ್ತಿನಿಂದ ಹಳೇ ಡೆವಲಪರ್ ಬೇಕಂತಲೇ ಉಳಿಯಿತು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮುಲುಂಡಿಗೆ ಹೋಗಿದ್ದು ಆ ಬಿಳಿ ಹುಡುಗಿ. ಕೇಸರಿಬಾತ್ ತಂದವಳು ನಾನು.

ಈಗ ಹೇಳಿ, ಮನೆಗೆ ಬಂದವರು ಎಲ್ಲರೆದುರಿಗೆ ಮಗಳ ಬಣ್ಣ ಹಿಡಿದು ಹಾಗೆ ಕೇಳಿದರೆ ಯಾವ ಅಪ್ಪನಾದರೂ ಏನು ಹೇಳಬೇಕು? "ಇವಳೇ ನನ್ನ ಮಗಳು" ಅನ್ನಬಹುದಿತ್ತಲ್ಲ?

ನಮ್ಮಪ್ಪ ಹೇಳಿದ್ದು, "ಅದೂ... ಡೆವಲಪರ್ ಸ್ವಲ್ಪ ಹಳೇದಾಗಿತ್ತು ನೋಡಿ. ಪ್ರಿಂಟ್ ಸ್ವಲ್ಪ ಲೈಟ್ ಬಂದಿದೆ."

ಅದೂ ನಗುತ್ತಾ! ಆಮೇಲೆ ಹುಡುಗನಿಗೆ ಬಾತ್‌ರೂಮ್ ಬಾಗಿಲು ತೆಗೆದು ಎನ್‌ಲಾರ್ಜರ್ ತೋರಿಸಿದರು. ನಾನು ಗೋಡೆಯ ಹಾಗೆ ಅಲ್ಲೇ ನಿಂತಿದ್ದೆ.

ಅವರು ಹೋದಮೇಲೆ ನೋಡಿದರೆ ಫೋಟೋ ಟೀಪಾಯಿ ಮೇಲಿತ್ತು. ಹೊರಗೆ ಹೋದ ನನ್ನ ಫೋಟೋಗಳಲ್ಲಿ ವಾಪಸ್ ಬಂದಿದ್ದು ಅದೊಂದೇ.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದರು. ನಾನು ಬಾತ್‌ರೂಮಿನ ಚಿಲಕ ಹಾಕಿಕೊಂಡೆ. ಬಾಟಲಿಯಲ್ಲಿದ್ದ ಆ ಚಹಾವನ್ನೆಲ್ಲ ಮೋರಿಗೆ ಸುರಿದೆ. ಅಪ್ಪ ಜೋಪಾನವಾಗಿಟ್ಟಿದ್ದ ಡೆವಲಪರಿನ ಹೊಸ ಪ್ಯಾಕೆಟ್ ಒಡೆದೆ.

ಕೆಂಪು ಬೆಳಕಿನಲ್ಲಿ ಟ್ರೇ ಅಲ್ಲಾಡಿಸುತ್ತಿದ್ದೇನೆ... ಮೊದಲು ಕೂದಲು ಬರುತ್ತದೆ. ಹುಬ್ಬು, ಕಣ್ಣು. ಆಮೇಲೆ ನಿಧಾನವಾಗಿ ಕೆನ್ನೆ, ಕತ್ತು, ಕೈ. ನನ್ನ ಬಣ್ಣ. ನನಗೆ ಅಳು ಬಂತು, ಸಿಟ್ಟಿಗೋ ಸಂತೋಷಕ್ಕೋ ಗೊತ್ತಿಲ್ಲ.

ಅಷ್ಟರಲ್ಲಿ ಅಪ್ಪ ಎದ್ದು ಬಾಗಿಲು ಬಡಿಯುತ್ತಿದ್ದಾರೆ. ಫಿಕ್ಸರಿನಲ್ಲಿ ಅದ್ದಿ ತೆಗೆದ ಒದ್ದೆ ಫೋಟೋ ಹಿಡಿದುಕೊಂಡೇ ಹೊರಗೆ ಬಂದೆ.

"ಇದನ್ನ ಕಳಿಸಿದ್ರೆ ಯಾರೇ ಬರ್ತಾರೆ?"

"ಬರೋರು ಬರ್ಲಿ ಅಪ್ಪ. ಇಲ್ಲಿಗೆ ಬಂದು ಫೋಟೋದವಳನ್ನ ಹುಡುಕೋರು ಬೇಡ."

ಅವರು ಕೂಗಾಡಿದ್ದು ಹೊಸ ಪ್ಯಾಕೆಟ್ ಹಾಳಾಯಿತಲ್ಲ ಅಂತ. ಆದರೆ ಬೇರೆ ದಾರಿಯಿರಲಿಲ್ಲ, ಹಳೇದು ಮೋರಿ ಸೇರಿತ್ತು. ಅದೇ ಫೋಟೋ ಕಳಿಸಿದರು.

ನೋಡಲು ಬರುವವರು ಕಡಿಮೆಯಾದರು, ನಿಜ. ಆದರೆ ಬಂದವರು ಯಾರೂ ನನ್ನನ್ನು ಫೋಟೋ ಜೊತೆ ಹೋಲಿಸಿ ನೋಡಲಿಲ್ಲ. ಮದುವೆಯೂ ಆಯಿತು, ಆ ಕಥೆ ಇಲ್ಲಿ ಬೇಡ.

ಇದೆಲ್ಲ ಈಗ ಯಾಕೆ ಅಂದರೆ, ಹೋದ ವಾರ ತಮ್ಮನ ಮನೆಗೆ ಹೋಗಿದ್ದೆ. ಅಗ್ಗಕ್ಕೆ ಸಿಕ್ಕಿತು ಅಂತ ಫೋಟೋ ಪ್ರಿಂಟರ್ ತಂದಿದ್ದಾನೆ. ಇಂಕ್ ಬಲು ದುಬಾರಿಯಂತೆ, ಅದಕ್ಕೆ ಇಂಕ್ ಉಳಿಸುವ ಮೋಡ್‌ನಲ್ಲಿ ಮಗಳ ಫೋಟೋ ಪ್ರಿಂಟ್ ಮಾಡುತ್ತಿದ್ದಾನೆ. ಗಂಡಿನ ಕಡೆಯ ಹಿರಿಯರಿಗೆ ಕೈಯಲ್ಲಿ ಹಿಡಿದು ನೋಡುವ ಫೋಟೋನೇ ಬೇಕಂತೆ.

ಪ್ರಿಂಟರಿನಿಂದ ಸುಣ್ಣ ಬಳಿದಂಥ ಒಂದು ಮುಖ ಹೊರಗೆ ಬಂತು.

"ಇರಲಿ ಬಿಡಕ್ಕಾ, ಬ್ರೈಟಾಗಿ ಚೆನ್ನಾಗೇ ಇದೆ" ಅಂದ.

ಅವನ ಮಗಳು ಪಕ್ಕದಲ್ಲೇ ನಿಂತಿದ್ದಳು. ಫೋಟೋ ನೋಡಿ ಮೆಲ್ಲಗೆ ಕೇಳಿದಳು, "ಅತ್ತೆ, ಇದು ನಾನಾ? ಮೈ ಐಸೀ ದಿಖ್ತೀ ಹೂಂ ಕ್ಯಾ, ಹೀಗೆ ಕಾಣ್ತೀನಾ ನಾನು?"

ಅಲ್ಲೇ ಹರಿದು ಹಾಕಿದೆ. ತಮ್ಮ ಇನ್ನೂ ಮಾತು ಬಿಟ್ಟಿದ್ದಾನೆ, ಬಿಡಲಿ.

ನೀವೇ ಹೇಳಿ, ಖರ್ಚು ಉಳಿಸೋಕೆ ಇವರಿಗೆಲ್ಲ ನಮ್ಮ ಮುಖವೇ ಯಾಕೆ ಸಿಗುತ್ತೆ?